ಗಿಡಕ್ಕೆ ಎರಡು ಹೆಸರು, ಬರೆದವನಿಗೆ ಒಂದೂ ಇಲ್ಲ

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ರಾಯಲ್ ಬೊಟಾನಿಕ್ ಗಾರ್ಡನ್ ಎಂಬ ದೊಡ್ಡ ಸಸ್ಯೋದ್ಯಾನವಿದೆ. ಅಲ್ಲಿನ ಭಂಡಾರದಲ್ಲಿ ನಮ್ಮ ಶಿವಮೊಗ್ಗದ ಗಿಡಬಳ್ಳಿಗಳು ಬಣ್ಣದ ಚಿತ್ರಗಳಾಗಿ ಭದ್ರವಾಗಿ ಕೂತಿವೆ. 1845ರ ಸುಮಾರಿನಲ್ಲಿ, ಶಿವಮೊಗ್ಗದಲ್ಲೇ, ಗಿಡವನ್ನು ಕಣ್ಣೆದುರಿಗೆ ಇಟ್ಟುಕೊಂಡು ಬರೆದ ಚಿತ್ರಗಳು. ಇವು ಸೇರಿರುವ ಇಡೀ ಕಂತೆಗೆ ‘ಕ್ಲೆಗ್‌ಹಾರ್ನ್ ಸಂಗ್ರಹ’ ಎಂದು ಹೆಸರು. ಆದರೆ ಕ್ಲೆಗ್‌ಹಾರ್ನ್ ಎಂಬಾತ ಈ ಚಿತ್ರಗಳನ್ನು ಬರೆದವನಲ್ಲ, ಬರೆಸಿದವನು. ಬರೆದವನು ಒಬ್ಬ ಮರಾಠಿ ಚಿತ್ರಕಾರ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಗಿಡದ ಹೆಸರು ಗೊತ್ತು, ಬರೆಸಿದವನ ಹೆಸರು ಗೊತ್ತು, ಬರೆದ ಊರು ಗೊತ್ತು. ಬರೆದವನು ಮಾತ್ರ ‘ಮರಾಠಿಯವನು’.

ನನ್ನ ತಂಗಿಯ ಮಗಳು ರಜೆಯಲ್ಲಿ ಬಂದಾಗ ಈ ಚಿತ್ರಗಳ ಪುಸ್ತಕವನ್ನು ತಂದುಕೊಟ್ಟಳು. ಪುಟ ತಿರುವುತ್ತಾ ಮೊದಲು ಸಂತೋಷವಾಯಿತು, ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ನೂರೆಂಬತ್ತು ವರ್ಷದ ಹಿಂದಿನ ಮಾತಿಗೆ ಈಗೇಕೆ ಸಿಟ್ಟು ಎಂದು ಓದುವ ಸೋದರಿಯರು ಕೇಳಬಹುದು. ಹಿಂದಿನ ಮಾತೇ ಆಗಿದ್ದರೆ ನಾನೂ ಪುಸ್ತಕ ಮುಚ್ಚಿಟ್ಟು ಸಾರಿಗೆ ಒಗ್ಗರಣೆ ಹಾಕಲು ಏಳುತ್ತಿದ್ದೆ. ನಮ್ಮ ಶಾಲೆಗಳಲ್ಲಿ, ನಮ್ಮ ಮನೆಗಳಲ್ಲಿ ಇದು ಇವತ್ತಿಗೂ ನಡೆಯುತ್ತಿದೆ. ಅದಕ್ಕೇ ಈ ಬರಹ.

ಮೊದಲು ಆ ದೊರೆಯ ವಿಷಯ ನ್ಯಾಯವಾಗಿ ಹೇಳಿಬಿಡುತ್ತೇನೆ. ಹ್ಯೂ ಕ್ಲೆಗ್‌ಹಾರ್ನ್ ಕೆಟ್ಟ ಮನುಷ್ಯನಲ್ಲ. ಹುಟ್ಟಿದ್ದು 1820ರಲ್ಲಿ, ಮದ್ರಾಸಿನಲ್ಲಿ. ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ, ಅಜ್ಜನ ಜಮೀನಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯವಿದ್ಯೆ ಕಲಿತು 1842ರಲ್ಲಿ ಮತ್ತೆ ಮದ್ರಾಸಿಗೆ ಬಂದ. ಆಗ ಮೈಸೂರು ಸಂಸ್ಥಾನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈತಪ್ಪಿ ಇಂಗ್ಲಿಷ್ ಕಮಿಷನರ ಆಡಳಿತಕ್ಕೆ ಸೇರಿತ್ತು. ನಮಗೆಲ್ಲ ಪಾರ್ಕಿನ ಹೆಸರಾಗಿ ಉಳಿದಿರುವ ಮಾರ್ಕ್ ಕಬ್ಬನ್ ಆಗ ಕಮಿಷನರು. ಆ ಆಡಳಿತದ ಡಾಕ್ಟರಾಗಿ ಕ್ಲೆಗ್‌ಹಾರ್ನ್ ಶಿವಮೊಗ್ಗಕ್ಕೆ ಹೋದ. ಮಲೆನಾಡಿನ ಕಾಡು ಕಂಡು ಮರುಳಾದ. ಕಾಡು ಕಡಿಯುವುದರಿಂದ ಆಗುವ ಕೇಡಿನ ಬಗ್ಗೆ 1851ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳ ಸಭೆಗೆ ವರದಿ ಒಪ್ಪಿಸಿದವರಲ್ಲಿ ಇವನು ಮುಖ್ಯ. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. ನಮ್ಮ ಲಾಲ್‌ಬಾಗು ಅದೇ ವರ್ಷ ಸರ್ಕಾರಿ ಸಸ್ಯೋದ್ಯಾನವಾದದ್ದೂ ಇವನ ಸಲಹೆಯ ಮೇಲೆಯೇ. ಕುಮರಿ ಬೇಸಾಯ ಮಾಡಿ ಬದುಕುತ್ತಿದ್ದ ಬಡವರ ಮೇಲೆ ಇವನಿಗೆ ಇದ್ದ ಅಸಹನೆ ನನಗೆ ಹಿಡಿಸುವುದಿಲ್ಲ, ಆದರೂ ಆ ಕಾಲದ ಬಿಳಿಯ ಅಧಿಕಾರಿಗಳಲ್ಲಿ ಇವನು ಕಣ್ಣು ತೆರೆದು ನೋಡಿದವನು ಎಂಬುದನ್ನು ಒಪ್ಪಲೇಬೇಕು.

ಇವನಿಗೆ ಗಿಡದ ಹುಚ್ಚು ಹಿಡಿಸಿದವನು ಸರ್ ವಿಲಿಯಂ ಹೂಕರ್ ಎಂಬ ದೊಡ್ಡ ಸಸ್ಯಶಾಸ್ತ್ರಜ್ಞ. ದಿನಕ್ಕೊಂದು ಗಿಡವನ್ನು ಕಾಲು ಗಂಟೆಯಾದರೂ ಅಭ್ಯಾಸ ಮಾಡು ಎಂಬುದು ಆತನ ಉಪದೇಶ. ಕ್ಲೆಗ್‌ಹಾರ್ನ್ ಅದನ್ನು ಭಕ್ತಿಯಿಂದ ಪಾಲಿಸಿದ. ದಿನಕ್ಕೊಂದು ಗಿಡ ತರಿಸಿ ಅದರ ಚಿತ್ರ ಬರೆಸುತ್ತಾ ಹೋದ.

ಇಲ್ಲಿ ಸ್ವಲ್ಪ ನಿಲ್ಲಿ. ನೋಡುವುದಕ್ಕೆ ಕಾಲು ಗಂಟೆ ಸಾಕು. ಬರೆಯುವುದಕ್ಕೆ? ಯಾವ ಡ್ರಾಯಿಂಗ್ ಮೇಷ್ಟ್ರನ್ನಾದರೂ ಕೇಳಿ ನೋಡಿ. ಸಸ್ಯಶಾಸ್ತ್ರದ ಚಿತ್ರವೆಂದರೆ ಕ್ಯಾಲೆಂಡರಿನ ಗುಲಾಬಿ ಹೂವಲ್ಲ. ಎಲೆ ಕಾಂಡಕ್ಕೆ ಎಲ್ಲಿ ಅಂಟಿದೆ, ಎದುರುಬದುರಾಗಿಯೋ ಒಂದು ಬಿಟ್ಟು ಒಂದೋ, ಅಂಚು ಗರಗಸದಂತಿದೆಯೋ ನುಣುಪೋ, ಹಿಂಬದಿಯಲ್ಲಿ ರೋಮವಿದೆಯೇ, ಇವಿಷ್ಟೂ ಸರಿಯಾಗಿ ಬರಬೇಕು. ಹೂವನ್ನು ಬಿಡಿಸಿ ಎಸಳೆಷ್ಟು, ಕೇಸರವೆಷ್ಟು ಎಣಿಸಬೇಕು. ಅಂಡಾಶಯವನ್ನು ಕೊಯ್ದು ಒಳಗಿನ ಕೋಣೆಗಳನ್ನು ಬೇರೆಯಾಗಿ, ದೊಡ್ಡದಾಗಿ ಕಾಗದದ ಕೆಳಭಾಗದಲ್ಲಿ ಬರೆಯಬೇಕು. ಅಷ್ಟರಲ್ಲಿ ಗಿಡ ಸುಮ್ಮನೆ ಕಾಯುತ್ತಾ ಕೂರುತ್ತದೆಯೇ? ಬೆಳಿಗ್ಗೆ ಕಿತ್ತು ತಂದ ಹೂವು ಮಧ್ಯಾಹ್ನಕ್ಕೆ ತಲೆ ಬಾಗಿಸುತ್ತದೆ, ಸಂಜೆಗೆ ಅದರ ಬಣ್ಣವೇ ಬೇರೆ. ಮಲೆನಾಡಿನ ಮಳೆಗಾಲ ಕಂಡವರಿಗೆ ಗೊತ್ತು, ಅಲ್ಲಿ ಹಪ್ಪಳವೂ ಒಣಗುವುದಿಲ್ಲ, ಕಾಗದದ ಮೇಲಿನ ನೀರುಬಣ್ಣ ಒಣಗೀತೇ? ನಾಳೆ ಬೆಳಗಾದರೆ ಮತ್ತೊಂದು ಗಿಡ ಬಂದು ಕೂರುತ್ತದೆ. ಹೀಗೆ ದಿನಾ ಕಾಲು ಗಂಟೆಯ ಕಾಣಿಕೆ ಡಾಕ್ಟರದು, ಉಳಿದ ಹೊತ್ತೆಲ್ಲ ಆ ಮರಾಠಿ ಚಿತ್ರಕಾರನದು. ಕೊನೆಗೆ ಕಂತೆಯ ಮೇಲೆ ಬಿದ್ದ ಹೆಸರು ಯಾರದು?

ಅಡುಗೆಮನೆಯಲ್ಲಿ ಹೊಗೆ ಕುಡಿದವಳು ಒಳಗೇ ಇರುತ್ತಾಳೆ, ‘ಊಟ ಬಹಳ ಚೆನ್ನಾಗಿತ್ತು ರಾಯರೇ’ ಎಂಬ ಮಾತು ಜಗಲಿಯಲ್ಲಿ ಕೂತವರಿಗೆ ಸಲ್ಲುತ್ತದೆ. ಈ ಲೆಕ್ಕ ನಮಗೆ ಹೊಸದಲ್ಲವಲ್ಲ.

ಈ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ ಎತ್ತಿದಾಗ ಬಂದ ಮೊದಲ ಉತ್ತರ, ‘ಅವನಿಗೆ ಸಂಬಳ ಕೊಟ್ಟಿರುತ್ತಾರಲ್ಲ ಮೇಡಂ’ ಎಂದು. ಸಂಬಳ ಡಾಕ್ಟರಿಗೂ ಇತ್ತು. ಕಬ್ಬನ್ ಸಾಹೇಬರಿಗಂತೂ ದೊಡ್ಡ ಸಂಬಳವೇ ಇತ್ತು. ಸಂಬಳ ತೆಗೆದುಕೊಂಡಿದ್ದಕ್ಕೆ ಅವರ ಹೆಸರುಗಳು ಅಳಿಸಿಹೋದವೇ? ನಾನು ಇರುವುದು ಬೆನ್ಸನ್ ಟೌನಿನಲ್ಲಿ. ತರಕಾರಿಗೆಂದು ಫ್ರೇಜರ್ ಟೌನಿಗೆ ಹೋಗುತ್ತೇನೆ, ಅಲ್ಲಿಂದ ಮುಂದೆ ಕಾಕ್ಸ್ ಟೌನು, ಕುಕ್ ಟೌನು, ರಿಚರ್ಡ್ಸ್ ಟೌನು. ಫ್ರೇಜರ್ ಟೌನಿಗೆ ಪುಲಕೇಶಿನಗರ ಎಂದು ಹೊಸ ಹೆಸರಿಟ್ಟರೂ ಆಟೋದವನ ಬಾಯಲ್ಲಿ ಹಳೆಯದೇ. ಸಂಬಳಕ್ಕೆ ದುಡಿದ ಅಧಿಕಾರಿಗಳ ಹೆಸರನ್ನು ಇಡೀ ಕಂಟೋನ್ಮೆಂಟು ದಿನಾ ಜಪ ಮಾಡುತ್ತದೆ. ಸಂಬಳ ತೆಗೆದುಕೊಂಡರೆ ಹೆಸರು ಹೋಗುತ್ತದೆ ಎಂಬ ನಿಯಮ ಕುಂಚ ಹಿಡಿದವರಿಗೆ ಮಾತ್ರ ಏಕೆ? ಕಬ್ಬನ್ ಪಾರ್ಕಿನಲ್ಲಿ ಕುದುರೆಯ ಮೇಲೆ ಕೂತಿರುವವನು ಕಬ್ಬನ್ ಎಂದು ಮಕ್ಕಳಿಗೂ ಗೊತ್ತು. ಆ ಕುದುರೆಯನ್ನೂ ಸವಾರನನ್ನೂ ಮಾಡಿದ ಶಿಲ್ಪಿ ಮಾರೊಕೆಟ್ಟಿ ಎಂದು ಎಷ್ಟು ಜನ ದೊಡ್ಡವರಿಗೆ ಗೊತ್ತು?

ಸಂಬಳದ ಈ ಮಾತನ್ನು ನಾನು ಅದಕ್ಕೂ ಮುಂಚೆ ಕೇಳಿದ್ದೆ. ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಒಬ್ಬರಿದ್ದರು. ಬೇಸಿಗೆ ರಜೆಯಿಡೀ ಏಣಿ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ಕರ್ನಾಟಕದ ನದಿಗಳನ್ನು ಬರೆದರು. ತಲಕಾವೇರಿಯಿಂದ ಹಿಡಿದು ಕೃಷ್ಣೆಯವರೆಗೆ; ದಡದಲ್ಲಿ ಊರು, ಗುಡಿ, ಗದ್ದೆ, ಬಟ್ಟೆ ಒಗೆಯುವ ಹೆಂಗಸರು. ಬಣ್ಣಕ್ಕೆ ಹಣ ಕೊಟ್ಟ ಮಹನೀಯರ ಹೆಸರು, ಉದ್ಘಾಟನೆಗೆ ಬಂದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿಸಿ ಗೋಡೆಯ ಪಕ್ಕ ನೆಟ್ಟರು. ಬರೆದವರ ಹೆಸರಿಲ್ಲ. ನಾನು ಹೋಗಿ ಕೇಳಿದ್ದಕ್ಕೆ ಬಂದ ಉತ್ತರ, ‘ಅವರು ನಮ್ಮ ಸ್ಟಾಫು ತಾನೇ, ಸಂಬಳ ಕೊಡುತ್ತೇವಲ್ಲ.’ ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಇಲ್ಲಿ ದುಡ್ಡಿನವರಿಗಾದರೂ ಹೆಸರು ಸಿಕ್ಕಿತು; ಬೆವರಿನವರಿಗೆ ಅದೂ ಇಲ್ಲ. ಆ ಟೀಚರ್ ನಿವೃತ್ತರಾದರು. ಬೆಳ್ಳಿಹಬ್ಬದ ಹೊತ್ತಿಗೆ ಗೋಡೆಗೆ ಕೆನೆಬಣ್ಣದ ಡಿಸ್ಟೆಂಪರ್ ಹೊಡೆಸಿದರು, ನದಿಗಳು ಹೋದವು. ಕಲ್ಲು ಮಾತ್ರ ಈಗಲೂ ನಿಂತಿದೆ, ಎದುರಿನ ಖಾಲಿ ಗೋಡೆಗೆ ಸಾಕ್ಷಿಯಾಗಿ.

ಎರಡನೆಯ ಉತ್ತರ ಇನ್ನೂ ಜಾಣತನದ್ದು. ‘ನಮ್ಮ ಸಂಪ್ರದಾಯದಲ್ಲಿ ಕಲಾವಿದ ಹೆಸರು ಹಾಕಿಕೊಳ್ಳುವುದಿಲ್ಲ, ಅದು ಅಹಂಕಾರ, ಹೆಸರಿನ ಹುಚ್ಚು ಪಶ್ಚಿಮದ್ದು.’ ಇದನ್ನು ಹೇಳುವವರು ತಮ್ಮ ಲೆಟರ್‌ಹೆಡ್ಡಿನಲ್ಲಿ ಮೂರು ಡಿಗ್ರಿ ಅಚ್ಚು ಹಾಕಿಸಿಕೊಂಡಿರುತ್ತಾರೆ, ಅದು ಬೇರೆ ಮಾತು. ಆದರೆ ಇದು ಸುಳ್ಳು. ಬೇಲೂರಿಗೆ ಹೋದಾಗ ಗೈಡು ದರ್ಪಣ ಸುಂದರಿಯನ್ನು ತೋರಿಸಿ ಮುಂದೆ ಓಡುತ್ತಾನೆ. ಮದನಿಕೆಯರ ಕಾಲ ಬುಡದಲ್ಲಿ ಅಕ್ಷರಗಳಿವೆ, ನೋಡಿ ಬನ್ನಿ. ದಾಸೋಜ, ಅವನ ಮಗ ಚಾವಣ. ತಮ್ಮ ಊರು ಬಳ್ಳಿಗ್ರಾಮೆ ಎಂದೂ ಕೆತ್ತಿಕೊಂಡಿದ್ದಾರೆ. ಬಳ್ಳಿಗ್ರಾಮೆ ಅಂದರೆ ಇವತ್ತಿನ ಬಳ್ಳಿಗಾವೆ, ಶಿಕಾರಿಪುರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ! ಸೋಮನಾಥಪುರದ ಗೋಡೆಗಳಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಹನ್ನೆರಡನೆಯ ಶತಮಾನದ ಶಿವಮೊಗ್ಗದ ಕಡೆಯ ಕಸುಬುದಾರನಿಗೆ ರಾಜನ ಗುಡಿಯಲ್ಲಿ ತನ್ನ ಹೆಸರು ಕೆತ್ತುವ ಹಕ್ಕಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಶಿವಮೊಗ್ಗದಲ್ಲಿ ಕೂತು ಬರೆದವನಿಗೆ ಒಂದು ಕಾಗದದ ಮೂಲೆಯೂ ಸಿಗಲಿಲ್ಲ. ಹೀಗಿರುವಾಗ ಹೆಸರು ಅಳಿಸುವುದು ಯಾರ ಸಂಪ್ರದಾಯವೆಂದು ನೀವೇ ಹೇಳಿ.

ಹೆಸರು ಬರೆಯುವುದು ಆ ಕಾಲದ ಸ್ಕಾಟ್ಲೆಂಡಿನವರಿಗೆ ಸಾಧ್ಯವಿರಲಿಲ್ಲವೇ ಎಂದರೆ, ಇತ್ತು. ರಾಬರ್ಟ್ ವೈಟ್ ಎಂಬ ಇನ್ನೊಬ್ಬ ಸ್ಕಾಟ್ ಡಾಕ್ಟರು ಅದೇ ಕಾಲದಲ್ಲಿ ದಕ್ಷಿಣ ಭಾರತದ ಗಿಡಗಳ ಚಿತ್ರಕೋಶವನ್ನು ಪ್ರಕಟಿಸುತ್ತಿದ್ದ. 1838ರಿಂದ 1853ರವರೆಗೆ ಆರು ಸಂಪುಟ, 2101 ಚಿತ್ರಪುಟಗಳು. ಅವನ ಬಳಿ ರಂಗಯ್ಯ, ಗೋವಿಂದು ಎಂಬ ಇಬ್ಬರು ತೆಲುಗು ಮಾತಿನ ಚಿತ್ರಕಾರರಿದ್ದರು. ಎಷ್ಟೋ ಪುಟಗಳ ಕೆಳಗೆ ಸಣ್ಣಕ್ಷರದಲ್ಲಿ ಅವರ ಹೆಸರುಗಳು ಅಚ್ಚಾಗಿವೆ. ಅಷ್ಟೇ ಅಲ್ಲ, 1853ರಲ್ಲಿ ವೈಟ್ ಒಂದು ಸೀತಾಳೆ ಹೂವಿನ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟ: ‘ಗೋವಿಂದೂಯಿಯ’. ಆರ್ಕಿಡ್ ಎನ್ನುತ್ತೇವಲ್ಲ, ಆ ಜಾತಿಯ ಗಿಡಕ್ಕೆ ಕೂಲಿಗೆ ಚಿತ್ರ ಬರೆಯುವವನ ಹೆಸರು! ಓದಿದಾಗ ನನ್ನ ಕಣ್ಣು ತುಂಬಿ ಬಂತು ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಮುಂದಿನದನ್ನೂ ಕೇಳಿ. ಗಿಡಗಳ ನಾಮಕರಣಕ್ಕೆ ಒಂದು ಕಟ್ಟಳೆಯಿದೆ, ಮೊದಲು ಇಟ್ಟ ಹೆಸರೇ ಊರ್ಜಿತ. ಆ ಕುಲಕ್ಕೆ ಅದಾಗಲೇ ‘ಟ್ರೋಪಿಡಿಯ’ ಎಂಬ ಹೆಸರಿದ್ದದ್ದರಿಂದ ಗೋವಿಂದೂಯಿಯ ಬಿದ್ದುಹೋಯಿತು. ಅದೇ ವೈಟ್ 1848ರಲ್ಲಿ ಗೆಳೆಯ ಕ್ಲೆಗ್‌ಹಾರ್ನನ ಗೌರವಕ್ಕೆ ‘ಕ್ಲೆಗ್‌ಹಾರ್ನಿಯ’ ಎಂದು ಒಂದು ಬಳ್ಳಿಯ ಕುಲಕ್ಕೆ ಇಟ್ಟ ಹೆಸರು ಇವತ್ತಿಗೂ ಗಟ್ಟಿಯಾಗಿದೆ. ಇದರಲ್ಲಿ ಯಾರ ಕುತಂತ್ರವೂ ಇಲ್ಲ, ನನಗೆ ಗೊತ್ತು. ಆದರೂ ದೊರೆಯ ಹೆಸರು ಉಳಿದು ಕೆಲಸಗಾರನ ಹೆಸರು ಉದುರಿದ್ದನ್ನು ಕಂಡಾಗ ವಿಧಿಗೂ ಸಂಬಳಪಟ್ಟಿ ನೋಡುವ ಚಾಳಿಯಿದೆಯೇನೋ ಅನ್ನಿಸುತ್ತದೆ.

ಮೂರನೆಯ ವಾದ, ‘ಇದು ಕಲೆಯೇ ಅಲ್ಲ, ನಕಲು. ಎದುರಿಗಿದ್ದದ್ದನ್ನು ಬರೆದ, ಕಲ್ಪನೆ ಎಲ್ಲಿದೆ?’ ಹಾಗಾದರೆ ವಿಜ್ಞಾನದವರ ಕಟ್ಟಳೆಯನ್ನೇ ಮುಂದಿಡುತ್ತೇನೆ. ಒಂದು ಗಿಡಕ್ಕೆ ಹೆಸರಿಡುವಾಗ ಆ ಹೆಸರಿಗೆ ಆಧಾರವಾಗಿ ಒಂದು ಮೂಲ ಮಾದರಿ ಇರಬೇಕು. ಸಾಮಾನ್ಯವಾಗಿ ಅದು ಒಣಗಿಸಿ ಅಂಟಿಸಿದ ಗಿಡದ ತುಂಡು. 1958ಕ್ಕೆ ಮುಂಚಿನ ಹೆಸರುಗಳಿಗೆ ಅಂಥ ತುಂಡು ಇಲ್ಲದಿದ್ದರೆ ಚಿತ್ರವೇ ಮೂಲ ಮಾದರಿಯಾಗಬಹುದು. ಅಂದರೆ ಕಾಗದದ ಮೇಲೆ ಬರೆದ ಗಿಡವೇ ಕಾನೂನಿನ ಕಣ್ಣಿಗೆ ಗಿಡ! ಒಣಗಿದ ಹೂವಿನಲ್ಲಿ ಬಣ್ಣವಿರುವುದಿಲ್ಲ, ಚಿತ್ರದಲ್ಲಿ ಇರುತ್ತದೆ. ಅಷ್ಟು ನಂಬಿಕೆಗೆ ಅರ್ಹವಾದ ಕಣ್ಣು, ಅಷ್ಟು ಸುಳ್ಳು ಹೇಳದ ಕೈ ನಕಲು ಮಾಡುವವನದಲ್ಲ. ಗಿಡದ ಲ್ಯಾಟಿನ್ ಹೆಸರಿನ ಮುಂದೆ ಅದನ್ನು ವರ್ಣಿಸಿದ ಪಂಡಿತನ ಹೆಸರು ಶಾಶ್ವತವಾಗಿ ಸೇರಿಕೊಳ್ಳುತ್ತದೆ. ಬರೆದವನಿಗೆ ಅಂಥ ಬಾಲವಿಲ್ಲ. ಮಕ್ಕಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದಾಗ ಮರಗಳ ಮೇಲಿನ ತಗಡಿನ ಫಲಕ ಓದಿಸುತ್ತೇನೆ. ಗಿಡಕ್ಕೆ ಎರಡೆರಡು ಹೆಸರು, ಕುಲದ್ದೊಂದು, ಜಾತಿಯದ್ದೊಂದು. ಅದೇ ಲಾಲ್‌ಬಾಗಿನಲ್ಲಿ ಮುಂದೆ ಚೆಲುವಯ್ಯ ರಾಜು ಎಂಬ ಚಿತ್ರಕಾರರು ಗಿಡಗಳ ಸೊಗಸಾದ ಚಿತ್ರಗಳನ್ನು ಬರೆದರು. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ನಿಂತು ಹತ್ತು ಜನರನ್ನು ಕೇಳಿ, ಒಬ್ಬರಾದರೂ ಆ ಹೆಸರು ಹೇಳಿದರೆ ನನಗೆ ತಿಳಿಸಿ.

ಇನ್ನು ನಮ್ಮ ಹೆಂಗಸರ ಮಾತಿಗೆ ಬರುತ್ತೇನೆ, ಏಕೆಂದರೆ ನನ್ನ ಸಿಟ್ಟಿನ ಬೇರು ಇರುವುದು ಇಲ್ಲೇ. ಅದೇ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಅರೆದ ಬಿಳಿ, ಅಕ್ಕಿ ಸುಟ್ಟ ಕಪ್ಪು, ಗುರಿಗೆ ಕಾಯಿಯ ಹಳದಿ. ಬ್ರಷ್ಷು ಅಂದರೆ ಪುಂಡಿ ನಾರು. ಮದುವೆಯ ಮನೆಯಲ್ಲಿ ಆ ಗೆರೆಗಳ ಎದುರಿಗೇ ಹಸೆಮಣೆ. ಅಳತೆಪಟ್ಟಿಯಿಲ್ಲದೆ ಎಳೆದ ಆ ಗೆರೆ ನೋಡಿದರೆ ಜಾಮೆಟ್ರಿ ಬಾಕ್ಸು ನಾಚಬೇಕು. ಕ್ಲೆಗ್‌ಹಾರ್ನನ ಚಿತ್ರಕಾರ ದೊರೆಯ ಬಂಗಲೆಯಲ್ಲಿ ಕೂತು ಬರೆಯುತ್ತಿದ್ದ ಆ ದಿನಗಳಲ್ಲೂ ಸುತ್ತಲ ಹಳ್ಳಿಗಳ ಹೆಂಗಸರ ಕೈ ಗೋಡೆಗಳ ಮೇಲೆ ಆಡುತ್ತಿದ್ದಿರಬೇಕು. ಅವನ ಚಿತ್ರ ಕಾಗದವಾದ್ದರಿಂದ ಹಡಗು ಹತ್ತಿ ಉಳಿಯಿತು. ಇವರದು ಮುಂದಿನ ಹಬ್ಬಕ್ಕೆ ಗೋಡೆ ಸಾರಿಸಿದಾಗ ಹೋಯಿತು. ಈಗ ಹಸೆ ಚಿತ್ತಾರಕ್ಕೆ ಬೆಲೆ ಬಂದಿದೆ, ಪಟ್ಟಣದ ಮಳಿಗೆಗಳಲ್ಲಿ ಕಟ್ಟು ಹಾಕಿಸಿ ಮಾರುತ್ತಾರೆ. ಸಂತೋಷವೇ. ಆದರೆ ಎಷ್ಟೋ ಕಡೆ ಚೀಟಿಯ ಮೇಲೆ ಇರುವುದೇನು? ಜನಾಂಗದ ಹೆಸರು, ಜಿಲ್ಲೆಯ ಹೆಸರು, ಬೆಲೆ. ಬರೆದ ಹೆಂಗಸಿನ ಹೆಸರು ಹಾಕಲು ಜಾಗವಿರಲಿಲ್ಲವೇ? ‘ಮರಾಠಿಯವನು’ ಎಂಬುದಕ್ಕೂ ‘ದೀವರ ಮಹಿಳೆಯರು’ ಎಂಬುದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಮನುಷ್ಯರನ್ನು ತೆಗೆದು ಜಾತಿಯನ್ನು ಇಟ್ಟಿದೆ, ಗಿಡಕ್ಕೆ ಇಟ್ಟ ಹಾಗೆ.

ಧಾರವಾಡದ ಕಡೆಯ ಕಸೂತಿ ಸೀರೆ ಉಟ್ಟು ಸಭೆಗೆ ಬರುವ ನಮ್ಮಲ್ಲಿ ಎಷ್ಟು ಜನರಿಗೆ ಆ ಗೋಪುರ, ಆ ತೇರು ಹೊಲಿದವಳ ಹೆಸರು ಗೊತ್ತು? ಕೇಳಿದರೆ ಅಂಗಡಿಯ ಹೆಸರು ಹೇಳುತ್ತೇವೆ.

ಎಡಿನ್‌ಬರೋದವರನ್ನು ಮಾತ್ರ ಬೈದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಆ ಉದ್ಯಾನದ ಸಸ್ಯವಿಜ್ಞಾನಿ ಹೆನ್ರಿ ನೋಲ್ಟಿ ಎಂಬವರೇ ವರ್ಷಗಟ್ಟಲೆ ಕೂತು ಈ ಚಿತ್ರಗಳನ್ನು ಕಪಾಟಿನಿಂದ ಬೆಳಕಿಗೆ ತಂದವರು. 2007ರಲ್ಲಿ ಅವರು ತಂದ ಪುಸ್ತಕದ ಹೆಸರಿನಲ್ಲೇ ರಂಗಯ್ಯ, ಗೋವಿಂದು ಇಬ್ಬರೂ ವೈಟನ ಪಕ್ಕ ನಿಂತಿದ್ದಾರೆ. ಅಷ್ಟು ಕೆಲಸ ನಮ್ಮ ಯಾವ ವಿಶ್ವವಿದ್ಯಾಲಯ ಮಾಡಬೇಕಿತ್ತು ಎಂದು ಕೇಳಿಕೊಂಡರೆ ನಾವೇ ತಲೆ ತಗ್ಗಿಸಬೇಕು. 2016ರಲ್ಲಿ ಬಂದ ಪುಸ್ತಕದ ಹೆಸರು ಮಾತ್ರ ‘ಕ್ಲೆಗ್‌ಹಾರ್ನ್ ಸಂಗ್ರಹ’ ಎಂದೇ. ಅಲ್ಲಿ ನನ್ನ ತಕರಾರು ಇದೆ. ಹೆಸರು ಸಿಗದಿದ್ದರೆ ಜಾಗ ಖಾಲಿ ಬಿಡಬೇಕೇ ಹೊರತು ಬೇರೆಯವರ ಹೆಸರಿನಿಂದ ತುಂಬಬಾರದು. ನಮ್ಮ ಹಾಜರಿ ಪುಸ್ತಕದಲ್ಲೂ ಬಾರದ ಹುಡುಗಿಯ ಎದುರಿಗೆ ಪಕ್ಕದವಳ ಹಾಜರಿ ಹಾಕುವುದಿಲ್ಲವಲ್ಲ.

ಆಗಬೇಕಾದದ್ದು ದೊಡ್ಡ ಖರ್ಚಿನದೇನಲ್ಲ. ಶಿವಮೊಗ್ಗದಲ್ಲಿ ಶಿವಪ್ಪ ನಾಯಕನ ಅರಮನೆ ಇದೆ, ಅದರಲ್ಲಿ ಸರ್ಕಾರದ ವಸ್ತುಸಂಗ್ರಹಾಲಯವಿದೆ. ಎಡಿನ್‌ಬರೋದಲ್ಲಿರುವ ಶಿವಮೊಗ್ಗದ ಚಿತ್ರಗಳ ಒಳ್ಳೆಯ ಪ್ರತಿಗಳನ್ನು ತರಿಸಿ ಅಲ್ಲಿ ಒಂದು ಗೋಡೆಗೆ ಹಾಕಲಿ. ಅಸಲು ಅಲ್ಲೇ ಇರಲಿ, ನಮ್ಮ ಮಳೆಗಾಲದಿಂದ ದೂರದಲ್ಲಿ ಅದು ಕ್ಷೇಮವಾಗಿದೆ. ಪಕ್ಕದಲ್ಲೇ ಸಾಗರದ ಇವತ್ತಿನ ಹೆಣ್ಣುಮಗಳೊಬ್ಬಳ ಚಿತ್ತಾರವಿರಲಿ, ಕೆಳಗೆ ಅವಳ ಹೆಸರು, ಅವಳ ಊರು. ಚಿತ್ರಗಳ ಫಲಕದಲ್ಲಿ ಮೊದಲ ಸಾಲು ಬರೆದವನದು, ಎರಡನೆಯದು ಗಿಡದ್ದು, ಬರೆಸಿದ ಡಾಕ್ಟರರದು ಕೊನೆಯದು. ಮೊದಲ ಸಾಲಿನಲ್ಲಿ ‘ಚಿತ್ರ:’ ಎಂದು ಅಚ್ಚು ಹಾಕಿ, ಒಂದು ಹೆಸರು ಹಿಡಿಸುವಷ್ಟು ಜಾಗ ಬಿಟ್ಟು, ‘ಶಿವಮೊಗ್ಗದಲ್ಲಿದ್ದ ಮರಾಠಿ ಚಿತ್ರಕಾರ’ ಎಂದಿರಲಿ. ಆ ಖಾಲಿ ಜಾಗವನ್ನು ಕಂಡು ಯಾವುದಾದರೂ ಮಗು ‘ಇಲ್ಲಿ ಯಾಕೆ ಹೆಸರಿಲ್ಲ ಮಿಸ್?’ ಎಂದು ಕೇಳಲಿ. ಕೇಳಿದ ಮಗುವಿಗೆ ಉತ್ತರ ಹೇಳುವ ಕೆಲಸ ನಮ್ಮಂಥ ಟೀಚರುಗಳಿಗೆ ಇರಲಿ.